ರೇಡಿಯೋ ಹೇಳದ ಸುದ್ದಿ

ಗೆಳೆಯ ಮರಿಸ್ವಾಮಿ ತೀರಿಕೊಂಡ ಸುದ್ದಿ ಬಂದ ದಿನ ನರಸಯ್ಯ ಕೆ.ಆರ್.ಪೇಟೆಯ ಮಗಳ ಮನೆಯಲ್ಲಿ ಮುದ್ದೆ ಮುರಿಯುತ್ತಾ ಕೂತಿದ್ದ. ಫೋನು ಮಾಡಿದವನು ಮರಿಸ್ವಾಮಿಯ ಮಗ ಶಿವಶಂಕರ.

“ಮಾವ, ಅಪ್ಪಯ್ಯಂಗೆ ವಸಿ ಸೀರಿಯಸ್ಸು. ಒಂದ್ಸಲ ಬಂದು ನೋಡ್ಕಂಡು ಓಗಿ,” ಅಂದ.

ನಮ್ಮ ಕಡೆ ಈ ಮಾತಿಗೆ ಇರುವುದು ಒಂದೇ ಅರ್ಥ. ಸತ್ತ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ದೂರದಲ್ಲಿರುವವನು ಕೇಳಿದ ಕಡೆಯೇ ಕುಸಿದು ಕೂರಬಾರದು, ಬಸ್ಸು ಹತ್ತುವಷ್ಟು ಬಲ ಅವನ ಕಾಲಿನಲ್ಲಿ ಉಳಿದಿರಬೇಕು. ಅದಕ್ಕೇ ‘ಸೀರಿಯಸ್ಸು’ ಅನ್ನುತ್ತಾರೆ. ಮಿಕ್ಕಿದ್ದನ್ನು ಮನೆಯ ಮುಂದಿನ ಶಾಮಿಯಾನವೂ ಹೆಂಗಸರ ಅಳುವೂ ಹೇಳುತ್ತವೆ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಫೋನು ಇಡುತ್ತಾರೆ. ನರಸಯ್ಯನೇ ಊರಿನ ಎಷ್ಟೋ ಮನೆಗಳ ಪರವಾಗಿ ಇಂಥ ಫೋನು ಮಾಡಿದವನು.

ಅದೂ ಅಲ್ಲದೆ ಅವನು ಯಾವ ಸುದ್ದಿಯನ್ನೂ ಸುಲಭವಾಗಿ ನಂಬುವ ಆಸಾಮಿಯಲ್ಲ. ಹೊಣಕೆರೆ ಹೋಬಳಿಯ ತನ್ನ ಊರಿನಲ್ಲಿ ಬಹಳ ಕಾಲ ಕೆರೆಯ ನೀರುಗಂಟಿಯಾಗಿದ್ದವನು. ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಹರಿಸುವ ಕೆಲಸ ಅದು. ಕೊನೆಯ ಗದ್ದೆಗೆ ನೀರು ಮುಟ್ಟಿದ್ದನ್ನು ಕಣ್ಣಾರೆ ಕಾಣದೆ ‘ನೀರು ಬಿಟ್ಟಿದ್ದೇನೆ’ ಅನ್ನಬಾರದು ಎಂದು ಅವನ ಅಪ್ಪ ಕಲಿಸಿದ್ದ. ಆ ಪಾಠ ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಹತ್ತಿತ್ತು. ಮಳೆ ಬಂತು ಅಂತ ಹೆಂಡತಿ ಕೂಗಿದರೂ ಅಂಗಳಕ್ಕೆ ಹೋಗಿ ಅಂಗೈ ಚಾಚಿ ನೋಡಿದ ಮೇಲೆಯೇ ಕಂಬಳಿ ಹುಡುಕುವವನು.

ಅಂಥವನು ಆ ದಿನ ಶಿವಶಂಕರನ ಮಾತನ್ನು ಇದ್ದದ್ದು ಇದ್ದ ಹಾಗೆ ನಂಬಿಬಿಟ್ಟ. ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಮಗಳನ್ನು ಗದರಿದ. ಸೀರಿಯಸ್ಸು ಅಂದಿದ್ದಾರೆ, ಸೀರಿಯಸ್ಸು ಅಂದರೆ ಜೀವ ಇದೆ ಅಂತ ತಾನೆ, ಇಲ್ಲದ ಅಪಶಕುನ ಯಾಕೆ ಮಾಡುತ್ತೀಯ ಎಂದು ಕೇಳಿದ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮೂಸಂಬಿ ಕೊಂಡ, ಬ್ರೆಡ್ಡು ಕೊಂಡ, ಶಕ್ತಿ ಬರಲಿ ಎಂದು ಒಂದು ಬಾಟಲು ಹಾರ್ಲಿಕ್ಸೂ ಕೊಂಡ. ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿ ಕೂತರೆ ಪಕ್ಕದಲ್ಲಿ ಮರಿಸ್ವಾಮಿಯ ಭಾವಮೈದುನ ಚಿಕ್ಕಯ್ಯ ಸಿಕ್ಕಿದ. ಚಿಕ್ಕಯ್ಯನ ತೊಡೆಯ ಮೇಲೆ ದಪ್ಪನೆಯ ಹೂವಿನ ಹಾರವೊಂದಿತ್ತು. ನರಸಯ್ಯನ ಕೈಯಲ್ಲಿ ಹಾರ್ಲಿಕ್ಸ್ ಕಂಡವನೇ ಅದರ ಮೇಲೆ ಟವೆಲು ಹೊದಿಸಿದ. ಹಾರ ಯಾರಿಗೆ ಅಂತ ಕೇಳಿದ್ದಕ್ಕೆ ಮನೆದೇವರಿಗೆ ಅಂದ. ನರಸಯ್ಯ ಅದನ್ನೂ ನಂಬಿದ. ಒಂದೇ ದಿನ ಎರಡು ಸುದ್ದಿ ನಂಬಿದ್ದು ಅವನ ಬಾಳಿನಲ್ಲಿ ಅದೇ ಮೊದಲು.

ಮನೆ ಮುಂದೆ ಶಾಮಿಯಾನ ಹಾಕಿತ್ತು. ಮರಿಸ್ವಾಮಿ ದಿನಾ ಕೂರುತ್ತಿದ್ದ ಜಗಲಿಯ ಮೂಲೆಯಲ್ಲೇ ಗೋಡೆಗೆ ಒರಗಿ ಕೂತಿದ್ದ. ದೂರದಿಂದ ಕಂಡು ನರಸಯ್ಯನ ಮುಖ ಅರಳಿತು. “ನೋಡ್ಲಾ ಚಿಕ್ಕಯ್ಯ, ಎದ್ದು ಕೂತವ್ನೆ,” ಅಂದ. ಹತ್ತಿರ ಹೋದಾಗ ಗಲ್ಲಕ್ಕೆ ಕಟ್ಟಿದ ಬಿಳಿ ಬಟ್ಟೆ ಕಂಡಿತು, ಹಣೆಯ ಮೇಲೆ ಅಂಟಿಸಿದ ಕಾಸು ಕಂಡಿತು. ಕೈಯಲ್ಲಿದ್ದ ಚೀಲ ಜಾರಿತು. ಮೂಸಂಬಿಗಳು ಅಂಗಳದ ತುಂಬ ಉರುಳಿ, ಒಂದು ಮಾತ್ರ ಜಗಲಿಯ ಕೆಳಗೆ ಮರಿಸ್ವಾಮಿಯ ನೇರಕ್ಕೆ ಹೋಗಿ ನಿಂತಿತು. ಮರಿಸ್ವಾಮಿಯ ಹೆಂಡತಿ ಸೋಮಮ್ಮ ಅಳುತ್ತಳುತ್ತಲೇ ಬಂದು ಹಾರ್ಲಿಕ್ಸ್ ಬಾಟಲನ್ನು ಎತ್ತಿಕೊಂಡು, ಒಡೆದಿಲ್ಲ ತಾನೇ ಎಂದು ತಿರುಗಿಸಿ ನೋಡಿ, ಗೂಡಿನಲ್ಲಿ ಇಟ್ಟು, ಮತ್ತೆ ಅಳಲು ಕೂತಳು.

ನರಸಯ್ಯ ಹಾಗೆ ನಂಬಿದ್ದಕ್ಕೆ ಕಾರಣವಿತ್ತು. ಅವನಿಗೂ ಮರಿಸ್ವಾಮಿಗೂ ಆಗ ಮಾತು ಬಿಟ್ಟುಹೋಗಿತ್ತು. ಮಾತು ಬಿಟ್ಟ ಮನುಷ್ಯ ಸಾಯುವುದುಂಟೇ? ಮೊದಲು ಜಗಳ ತೀರಬೇಕು, ಆಮೇಲೆ ತಾನೆ ಉಳಿದದ್ದು.

ಜಗಳ ಆದದ್ದು ರೇಡಿಯೋ ಮೇಲೆ. ಅದು ಹೊಸ ಜಗಳವೂ ಅಲ್ಲ. ಇಬ್ಬರೂ ಪ್ರಾಯದವರಾಗಿದ್ದಾಗಿನಿಂದ ಬೆಳಗಾದರೆ ಮರಿಸ್ವಾಮಿಯ ಜಗಲಿಯಲ್ಲಿ ಕೂತು ಸರ್ಕಾರಿ ರೇಡಿಯೋದ ವಾರ್ತೆ ಕೇಳುವುದು, ಸೋಮಮ್ಮ ಕೊಟ್ಟ ಕಾಫಿ ಕುಡಿಯುವುದು, ಆಮೇಲೆ ಹೊತ್ತೇರುವ ತನಕ ವಾದ ಮಾಡುವುದು ನಡೆದುಕೊಂಡು ಬಂದಿತ್ತು. ಮರಿಸ್ವಾಮಿಗೆ ಸರ್ಕಾರಿ ರೇಡಿಯೋ ಹೇಳಿದ್ದೇ ಸುದ್ದಿ. ಮನೆಗೆ ಟೀವಿ ಬಂತು, ಮೊಮ್ಮಗಳು ಹೇಮಶ್ರೀಯ ಕೈಗೆ ದೊಡ್ಡ ಫೋನು ಬಂತು, ಆತ ಕದಲಲಿಲ್ಲ. ನಾಲ್ಕು ಜನ ಒಟ್ಟಿಗೆ ಕೂಗಿದರೆ ಅದು ಸುದ್ದಿಯಲ್ಲ, ಸಂತೆ ಅನ್ನುತ್ತಿದ್ದ. ರೇಡಿಯೋದವರು ಕೂಗುವುದಿಲ್ಲ, ತೂಕವಾಗಿ ಮಾತಾಡುತ್ತಾರೆ, ಮಾತಿಗೆ ತೂಕ ಇರುವವನು ಯಾಕೆ ಸುಳ್ಳು ಹೇಳುತ್ತಾನೆ ಎಂದು ಅವನ ವಾದ. ಒಂದು ಸಲ ಹೆಸರಾಂತ ನಟರೊಬ್ಬರು ತೀರಿಹೋದರೆಂದು ಫೋನಿನಲ್ಲೂ ಟೀವಿಯಲ್ಲೂ ಬಂದು ಊರೆಲ್ಲ ಕಣ್ಣೀರು ಹಾಕುತ್ತಿದ್ದಾಗ ಮರಿಸ್ವಾಮಿ ಮಾತ್ರ “ರೇಡಿಯೋ ಯೇಳೋಗಂಟ ಆವಯ್ಯ ಬದುಕವ್ನೆ” ಎಂದು ನಿಶ್ಚಿಂತೆಯಾಗಿ ಎಮ್ಮೆ ಮೈ ತೊಳೆದ. ಸಂಜೆಯ ವಾರ್ತೆಯಲ್ಲಿ ಹೇಳಿದ ಮೇಲೆ ಊರು ಅತ್ತು ಮುಗಿಸಿದ್ದಾಗ ತಾನೊಬ್ಬನೇ ಕೂತು ಅತ್ತ.

ನರಸಯ್ಯನದು ಇದಕ್ಕೆ ತಿರುಗುಮುರುಗು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ರೇಡಿಯೋದವರು ಉಣ್ಣುವುದು ಸರ್ಕಾರದ ಮನೆಯಲ್ಲಿ. ಆ ಮನೆಯ ಜಂತೆಗೆ ಗೆದ್ದಲು ಹಿಡಿದಿದೆ ಎಂದು ಅವರು ಯಾವ ಬಾಯಲ್ಲಿ ಹೇಳುತ್ತಾರೆ? ಇದಕ್ಕೆ ಮರಿಸ್ವಾಮಿ ಒಂದು ದಿನವೆಲ್ಲ ಯೋಚಿಸಿ ಉತ್ತರ ಕಂಡುಹಿಡಿದಿದ್ದ.

“ಸರ್ಕಾರಕ್ಕೆ ಕಂದಾಯ ಕಟ್ಟೋರು ಯಾರ್ಲಾ? ನಾವು. ಅಂದ್ಮೇಲೆ ಅವ್ರು ಉಣ್ತಿರೋದು ನಮ್ಮನೆ ಅನ್ನ ಕಣ್ಲಾ.”

“ಅಂಗಾದ್ರೆ ನಮ್ಮನೆ ಜಂತೆ ಗೆದ್ಲೂ ಯೇಳಲ್ಲ, ಬುಡು,” ಅಂದಿದ್ದ ನರಸಯ್ಯ.

ಮಾತು ಬಿಡುವ ತನಕ ಹೋದದ್ದು ರಸ್ತೆಯ ದೆಸೆಯಿಂದ. ಒಂದು ಬೆಳಗ್ಗೆ ವಾರ್ತೆಯಲ್ಲಿ, ಆ ಭಾಗದ ಹಳ್ಳಿಗಳ ರಸ್ತೆಗೆಲ್ಲ ಡಾಂಬರು ಬಿದ್ದಿದೆ ಎಂದು ಮಂತ್ರಿಗಳೊಬ್ಬರು ಸಭೆಯಲ್ಲಿ ತಿಳಿಸಿದರು ಅಂತ ಬಂತು. ಅವರ ಊರಿನ ರಸ್ತೆಯಲ್ಲೋ, ಹುಣಸೆಮರದ ತಿರುವಿನಲ್ಲಿ ಎಮ್ಮೆಯೊಂದು ಆರಾಮವಾಗಿ ಮಲಗುವಷ್ಟು ದೊಡ್ಡ ಗುಂಡಿ. ಮಲಗುತ್ತಿದ್ದದ್ದು ಮರಿಸ್ವಾಮಿಯದೇ ಎಮ್ಮೆ. ನರಸಯ್ಯ ಕಾಫಿ ಲೋಟ ಕೆಳಗಿಟ್ಟು, ಗೆಳೆಯನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಗುಂಡಿಯ ದಡದಲ್ಲಿ ನಿಲ್ಲಿಸಿದ. ಮರಿಸ್ವಾಮಿ ಗುಂಡಿಯನ್ನು ನೋಡಿದ, ಎಮ್ಮೆಯನ್ನು ನೋಡಿದ, ಮೆಲ್ಲಗೆ ಬಾಯಿ ಬಿಟ್ಟ. ಡಾಂಬರು ಬಿದ್ದಿದೆ ಎಂದು ರೇಡಿಯೋ ಹೇಳಲಿಲ್ಲ. ಬಿದ್ದಿದೆ ಎಂದು ಮಂತ್ರಿ ಹೇಳಿದರು ಅಂತ ಹೇಳಿತು. ಮಂತ್ರಿ ಹಾಗೆ ಅಂದದ್ದು ನಿಜ. ಅಂದಮೇಲೆ ರೇಡಿಯೋ ಹೇಳಿದ್ದೂ ನಿಜ.

“ಮತ್ತೆ ಈ ಗುಂಡಿ?”

“ಗುಂಡಿ ಪಾಪ ರೇಡಿಯೋ ಕೇಳಿಲ್ಲ.”

ನರಸಯ್ಯನಿಗೆ ಕೋಪ ನೆತ್ತಿಗೆ ಏರಿತು. ಅರ್ಧ ನಿಜ ಹೇಳಿ ಇನ್ನರ್ಧ ನುಂಗಿದವನು ಸುಳ್ಳುಗಾರನಿಗಿಂತ ಕಡೆ ಎಂದ. ಮೇಲುಗದ್ದೆಗೆ ನೀರು ಬಿಟ್ಟು, ಕೆಳಗಿನವನಿಗೆ ಹೇಳದೆ ತೂಬು ಮುಚ್ಚುವ ನೀರುಗಂಟಿಗೂ ಇವರಿಗೂ ವ್ಯತ್ಯಾಸವಿಲ್ಲ ಎಂದ. ಮರಿಸ್ವಾಮಿ ಒಪ್ಪುವ ತನಕ ಅವನ ಜಗಲಿ ಹತ್ತುವುದಿಲ್ಲ ಎಂದು ಆ ಎಮ್ಮೆಯ ಎದುರಿಗೇ ಆಣೆ ಇಟ್ಟ. ಹತ್ತಬೇಡ, ಕಾಫಿಪುಡಿಯಾದರೂ ಉಳಿಯುತ್ತದೆ ಎಂದ ಮರಿಸ್ವಾಮಿ.

ಆಮೇಲೆ ಮರಿಸ್ವಾಮಿ ದಿನವೂ ರೇಡಿಯೋವನ್ನು ನರಸಯ್ಯನ ಮನೆಯ ದಿಕ್ಕಿಗೆ ತಿರುಗಿಸಿ ಗಟ್ಟಿಯಾಗಿ ಹಾಕತೊಡಗಿದ. ನರಸಯ್ಯ ತನ್ನ ಹಿತ್ತಿಲಲ್ಲಿ ನಿಂತು ಪೂರ್ತಿ ಕೇಳಿ, ಉತ್ತರವನ್ನು ಹಸುವಿಗೆ ಹೇಳುತ್ತಿದ್ದ. ಹಸು ತಿರುಗಿ ವಾದ ಮಾಡುವುದಿಲ್ಲ. ಇದು ಸರಿಹೋಗದೆ ಬೇಸರವಾಗಿ ಅವನು ಮಗಳ ಮನೆಗೆ ಹೊರಟುಬಿಟ್ಟದ್ದು. ಅಲ್ಲಿದ್ದಾಗಲೇ ಫೋನು ಬಂದದ್ದು.

ದಹನವಾಯಿತು, ಮೂರನೇ ದಿನದ ಹಾಲು ತುಪ್ಪವಾಯಿತು. ಅಸ್ಥಿಯನ್ನು ಕಾವೇರಿಗೆ ಬಿಡಲು ಒಂದು ಟೆಂಪೋ ಮಾಡಿಕೊಂಡು ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೊರಟರು. ನರಸಯ್ಯ, ಸತ್ತವನ ಮೇಲೆ ವಾದ ಸಾಧಿಸುವುದು ಧರ್ಮವಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ. ಟೆಂಪೋ ಹುಣಸೆಮರದ ತಿರುವಿಗೆ ಬಂದು ಗುಂಡಿಗೆ ಇಳಿದಾಗ ಎಲ್ಲರ ತಲೆಯೂ ತಗಡಿಗೆ ಬಡಿಯಿತು. ಶಿವಶಂಕರನ ತೊಡೆಯ ಮೇಲಿದ್ದ ಅಸ್ಥಿಯ ಕುಡಿಕೆ ಎಗರಿತು, ನರಸಯ್ಯನೇ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ‘ಈಗ್ಲಾದ್ರೂ ಗೊತ್ತಾಯ್ತೇನ್ಲಾ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಪಾಂಡವಪುರದಲ್ಲಿ ಕಾಫಿಗೆ ಇಳಿದಾಗ ಸೋಮಮ್ಮ ಅವನ ಹತ್ತಿರ ಬಂದು, ಅವನು ಜಗಲಿ ಬಿಟ್ಟ ಮೇಲೂ ತಾನು ದಿನಾ ಎರಡು ಲೋಟ ಕಾಫಿ ಇಡುತ್ತಿದ್ದೆ, ಎರಡನೆಯದನ್ನು ಯಜಮಾನರು ಆರುವ ತನಕ ನೋಡಿ ತಾವೇ ಕುಡಿಯುತ್ತಿದ್ದರು ಎಂದು ಹೇಳಿದಳು. ನರಸಯ್ಯ ಆ ದಿನ ಕಾಫಿ ಕುಡಿಯಲಿಲ್ಲ.

ಗಂಜಾಂ ಹತ್ತಿರದ ಗೋಸಾಯಿ ಘಾಟಿನಲ್ಲಿ ಕ್ರಿಯೆಗಳೆಲ್ಲ ನಡೆದವು. ಅಸ್ಥಿಯನ್ನು ನೀರಿಗೆ ಬಿಟ್ಟರು. ಶಿವಶಂಕರ ಎಲೆಯ ಮೇಲೆ ಪಿಂಡವಿಟ್ಟು, ಪಕ್ಕದಲ್ಲಿ ಅಪ್ಪನಿಗೆ ಇಷ್ಟವಾದ ವಡೆ, ಎಲೆಯಡಿಕೆ ಇಟ್ಟ. ಹೇಮಶ್ರೀ ಚೀಲದಿಂದ ತಾತನ ರೇಡಿಯೋವನ್ನೂ ತೆಗೆದಿಟ್ಟಳು. ಸೋಮಮ್ಮ ಸೀರೆಯ ಮರೆಯಿಂದ ಹಾರ್ಲಿಕ್ಸ್ ಬಾಟಲು ತೆಗೆದು ಇಟ್ಟಳು. ನರಸಯ್ಯಣ್ಣ ಅಷ್ಟು ದೂರದಿಂದ ತಂದದ್ದು, ಕುಡಿಯಲಿ ಬಿಡಲಿ, ನೋಡಿಯಾದರೂ ಹೋಗಲಿ ಎಂದಳು. ಎಲ್ಲರೂ ಹಿಂದೆ ಸರಿದು, ಕಾಗೆಗೆ ಕಾದರು. ಕಾಗೆ ಪಿಂಡ ಮುಟ್ಟಿದರೆ ಹೋದವನಿಗೆ ತೃಪ್ತಿಯಾಯಿತು ಎಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ.

ಕಾಗೆಗಳೇನೋ ಬೇಕಾದಷ್ಟಿದ್ದವು. ಪಕ್ಕದಲ್ಲಿ ಯಾರೋ ಇಟ್ಟ ಪಿಂಡವನ್ನು ಇಟ್ಟ ಕೈ ತೆಗೆಯುವ ಮೊದಲೇ ಮುಗಿಸಿದವು. ಮರಿಸ್ವಾಮಿಯ ಎಲೆಯ ಮುಂದಿನ ಮರದ ಕೊಂಬೆಯಲ್ಲಿ ಒಂದು ದಪ್ಪ ಕಾಗೆ ಕೂತು, ಕುತ್ತಿಗೆ ಓರೆ ಮಾಡಿ ನೋಡಿತೇ ಹೊರತು ಇಳಿಯಲಿಲ್ಲ.

ಪುರೋಹಿತರು ಏನಾದರೂ ಮಾತು ಕೊಡಿ ಎಂದರು. ಶಿವಶಂಕರ ಕೈಮುಗಿದು, ತೋಟದ ಬೇಲಿಯನ್ನು ಈ ವರ್ಷವೇ ಕಟ್ಟಿಸುತ್ತೇನೆ ಅಂದ. ಕಾಗೆ ಅಲುಗಲಿಲ್ಲ. ಹೇಮಶ್ರೀ ಪರೀಕ್ಷೆಗೆ ಚೆನ್ನಾಗಿ ಓದುತ್ತೇನೆ ತಾತ ಅಂದಳು. ಕಾಗೆ ರೆಕ್ಕೆ ಕೆದರಿಕೊಂಡಿತು, ಅಷ್ಟೆ. ಚಿಕ್ಕಯ್ಯ ಹಿಂದೆ ಮುಂದೆ ನೋಡಿ ಮುಂದೆ ಬಂದ.

“ಭಾವ, ನಿಮ್ ತೋಟ್ದಲ್ಲಿ ಕಾಣೆಯಾಯ್ತಲ್ಲ, ಆ ಆರೆಕೋಲು ಕಳ್ಳ ಕದ್ದದ್ದಲ್ಲ. ನಮ್ಮನೇಲೇ ಅದೆ. ನಾಳೇನೆ ತಂದ್ಬುಡ್ತೀನಿ,” ಅಂದ.

ಸೋಮಮ್ಮ ಅಳು ನಿಲ್ಲಿಸಿ ತಮ್ಮನನ್ನು ಒಂದು ನೋಟ ನೋಡಿದಳು. ಕಾಗೆ ಅದಕ್ಕೂ ಒಲಿಯಲಿಲ್ಲ. ಹೊತ್ತು ನೆತ್ತಿಗೆ ಬರುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ನರಸಯ್ಯನ ಕಡೆ ತಿರುಗಿದರು. ಅವನ ಎದೆಯೂ ಅದನ್ನೇ ಹೇಳುತ್ತಿತ್ತು. ತನ್ನ ಹಟಕ್ಕಾಗಿ ಗೆಳೆಯನ ಜೀವ ಹಸಿದುಕೊಂಡು ಕೊಂಬೆಯ ಮೇಲೆ ಕೂತಿದೆ. ಹೀಗೇ ಊರಿಗೆ ಹಿಂದಿರುಗಿದರೆ ತನಗೆ ಇನ್ನು ಅನ್ನ ಇಳಿಯುವುದಿಲ್ಲ.

ಕದ್ದ ಮಾಲು ಒಪ್ಪಿಕೊಂಡು ಮುಖಭಂಗವಾಗಿದ್ದ ಚಿಕ್ಕಯ್ಯನಿಗೆ ಯಾರ ಮೇಲಾದರೂ ತೀರಿಸಿಕೊಳ್ಳಬೇಕಾಗಿತ್ತು. “ರೇಡಿಯೋ ನಂಬ್ದೋನು ಕಾಗೆ ನಂಬ್ತೀಯಲ್ಲಣ್ಣ,” ಅಂದ.

“ಕಾಗೆಗೆ ಯಾರೂ ಸಂಬ್ಳ ಕೊಡಲ್ಲ ಕಣ್ಲಾ.”

“ಪಿಂಡ ಕೊಡ್ತೀವಲ್ಲ.”

“ಕೊಟ್ರೂ ತಿಂತಾ ಇಲ್ವಲ್ಲ. ಅದುಕ್ಕೇ ನಂಬ್ತೀನಿ,” ಅಂದು ನರಸಯ್ಯ ಎಲೆಯ ಮುಂದೆ ಹೋಗಿ ನಿಂತ.

ಕೈಮುಗಿದ. ನೀನು ಹೇಳಿದ್ದೇ ಸರಿ, ಸರ್ಕಾರಿ ರೇಡಿಯೋ ಹೇಳಿದ್ದೆಲ್ಲ ನಿಜ, ನಾನು ಸೋತೆ, ಬಂದು ಉಣ್ಣು ಎಂದು ಒಂದೊಂದೇ ಮಾತನ್ನು ಮುಳ್ಳು ಕೀಳುವ ಹಾಗೆ ಕಿತ್ತು ಹೇಳಿದ. ಕಾಗೆ ಅವನನ್ನೇ ನೋಡಿತು. ಆಮೇಲೆ ಕೊಂಬೆಯ ಮೇಲೆ ಪೂರ್ತಿ ತಿರುಗಿ, ಬಾಲವನ್ನು ಈ ಕಡೆ ಮಾಡಿಕೊಂಡು ಕೂತುಬಿಟ್ಟಿತು.

ಸೋಮಮ್ಮ ಮುಂದೆ ಬಂದಳು.

“ಅಣ್ಣ, ನಾವು ನಿಮ್ಮನ್ನ ನೋಡ್ದೊ, ನಮಗೆ ಬೇಕಾದ್ದ ಯೇಳ್ಬುಟ್ರಿ. ನೀವು ರೇಡಿಯೋ ಮೇಲೆ ಒರ್ಸೋ ತಪ್ಪೂ ಇದೇ ಅಲ್ವಾ? ಮನ್ಸಲ್ಲಿರಾದ್ನ ಯೇಳಿ. ಅವ್ರಿಗೆ ನಿಮ್ ದನಿ ಗೊತ್ತು,” ಅಂದಳು.

ಹೇಮಶ್ರೀ ಅಷ್ಟರಲ್ಲಿ ಬಗ್ಗಿ ರೇಡಿಯೋದ ಕಿವಿ ತಿರುವಿದಳು. ಗೊರಗೊರ ಸದ್ದಾಗಿ, ಅದರೊಳಗಿಂದ ವಾರ್ತೆ ಓದುವವರ ಆ ತೂಕದ ದನಿ ಎದ್ದು ಬಂತು. ಎಲ್ಲೋ ಒಂದು ಸೇತುವೆ ಉದ್ಘಾಟನೆಯಾಯಿತು. ಯಾರೋ ಒಬ್ಬರು ಹರ್ಷ ವ್ಯಕ್ತಪಡಿಸಿದರು. ಯಾವುದೋ ಯೋಜನೆಯ ಫಲ ಕಟ್ಟಕಡೆಯ ಮನುಷ್ಯನಿಗೂ ತಲುಪಿದೆ ಎಂದು ಅಧಿಕಾರಿಗಳು ತಿಳಿಸಿದರು. ನರಸಯ್ಯ ತಲೆತಗ್ಗಿಸಿ ಕೇಳಿದ. ಇಷ್ಟು ದಿನ ನುಂಗಿದ್ದ ಮಾತೆಲ್ಲ ಬಾಯಿಗೆ ಬಂತು. ಧರ್ಮ, ನಿಶ್ಚಯ ಎಲ್ಲ ಮರೆತುಹೋಯಿತು.

“ಕಡೇ ಗದ್ದೆಗೆ ನೀರು ಮುಟ್ತು ಅಂತ ಯಾರ್ಲಾ ಓಗಿ ನೋಡ್ದೋರು?” ಅಂತ ಶುರು ಮಾಡಿದ. “ಕೇಳ್ಸ್ಕತಾ ಇದ್ದೀಯೇನ್ಲಾ ಮರಿಸ್ವಾಮಿ? ನಿನ್ ಕುಡಿಕೇನೇ ಆ ಗುಂಡೀಲಿ ಎಗರ್ಬುಡ್ತು, ನಾನು ಇಡ್ಕಂಡಿದ್ಕೆ ನೀನು ಕಾವೇರಿ ಕಂಡೆ. ಇಲ್ದಿದ್ರೆ ನಿನ್ ಎಮ್ಮೆ ಜೊತೆ ಅಲ್ಲೇ ಬಿದ್ದಿರ್ತಿದ್ದೆ. ಅದ್ನ ಯೇಳ್ತಾ ನಿನ್ ರೇಡಿಯೋ? ಓಗ್ಲಿ, ನೀನು ಸತ್ತೆ. ನಮ್ಮೂರ್ಗೆ ಇದ್ಕಿಂತ ದೊಡ್ ಸುದ್ದಿ ಯಾವ್ದದೆ? ಇವತ್ತಿನ್ಗಂಟ ಒಂದ್ ಸೊಲ್ಲು ಎತ್ತಿಲ್ಲ. ಅದು ಯೇಳಿದ್ದೇ ನಿಜ ಅಂದ್ರೆ, ನೀನಿನ್ನೂ ಸತ್ತಿಲ್ಲ ಕಣ್ಲಾ. ನೀನಿನ್ನೂ ಜಗ್ಲಿ ಮ್ಯಾಲೆ ಕೂತಿರ್ಬೇಕು. ಎಲ್ಲಿದ್ದೀಯ? ಕಾಫಿ ಆರೋಯ್ತಾ ಅದೆ, ಎಲ್ಲಿದ್ದೀಯ ಯೇಳ್ಲಾ?”

ಅವನ ದನಿ ಮುರಿಯಿತು. ಮುರಿದ ದನಿ ಇನ್ನೂ ಗಾಳಿಯಲ್ಲಿರುವಾಗಲೇ ಕಾಗೆ ಕೊಂಬೆ ಬಿಟ್ಟು ಇಳಿಯಿತು.

ಇಳಿದದ್ದು ಮೊದಲು ರೇಡಿಯೋದ ಮೇಲೆ. ಅದರ ಏರಿಯಲ್ ಕಡ್ಡಿ ಕಾಗೆಯ ಭಾರಕ್ಕೆ ಬಾಗಿತು, ಗೊರಗೊರ ನಿಂತು ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಯಿತು. ವಾರ್ತೆಯನ್ನು ಎರಡು ಮಾತಿನಷ್ಟು ಕೇಳಿದ ಹಾಗೆ ಮಾಡಿ, ನರಸಯ್ಯನ ಕಡೆ ಕುತ್ತಿಗೆ ತಿರುಗಿಸಿ ‘ಕಾ’ ಎಂದು ಬೈದು, ಎಲೆಗೆ ಹಾರಿ ಪಿಂಡಕ್ಕೆ ಕೊಕ್ಕು ಹಾಕಿತು. ಆಮೇಲೆ ಬಂಧುಬಳಗವನ್ನೆಲ್ಲ ಕರೆದು ವಡೆಯನ್ನೂ ಮುಗಿಸಿತು. ಹಾರ್ಲಿಕ್ಸ್ ಕಡೆ ಮಾತ್ರ ಯಾವ ಕಾಗೆಯೂ ತಿರುಗಿ ನೋಡಲಿಲ್ಲ.

ಪುರೋಹಿತರು ಶುಭವಾಯಿತು ಎಂದರು. ಶಿವಶಂಕರ ಅಳುತ್ತಿದ್ದ. ಚಿಕ್ಕಯ್ಯ ಮಾತ್ರ, ಕಾಗೆ ಒಪ್ಪಿಕೊಂಡದ್ದು ಯಾರ ಮಾತನ್ನು, ಏರಿಯಲ್ ಸರಿಮಾಡಿ ರೇಡಿಯೋ ಪಕ್ಷ ವಹಿಸಿತೋ, ಬೈಗಳು ಕೇಳಿ ನರಸಯ್ಯಣ್ಣನ ಪಕ್ಷ ವಹಿಸಿತೋ ಎಂದು ಕೇಳಿದ. ಅದು ತೀರ್ಮಾನವಾಗುವ ಜಗಳವಾಗಿದ್ದರೆ ಯಜಮಾನರು ಎಂದೋ ತೀರಿಸಿಕೊಂಡು ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು ಎಂದು ಸೋಮಮ್ಮ ಹೇಳಿ, ನಾಳೆ ಬೆಳಗ್ಗೆ ಜಗಲಿಗೆ ಬನ್ನಿ, ರೇಡಿಯೋ ನಾನು ಹಾಕುತ್ತೇನೆ ಎಂದು ನರಸಯ್ಯನನ್ನು ಕರೆದಳು. ಮರಿಸ್ವಾಮಿ ಒಪ್ಪದೆ ಜಗಲಿ ಹತ್ತುವುದಿಲ್ಲ ಎಂದು ಆಣೆ ಇಟ್ಟದ್ದು ನರಸಯ್ಯನಿಗೆ ನೆನಪಾಯಿತು. ಎಲೆಯನ್ನು ನೋಡಿದ. ಒಂದು ಅಗುಳೂ ಉಳಿದಿರಲಿಲ್ಲ. ಬರುತ್ತೇನೆ ಎಂದ.

ಎಲ್ಲರೂ ಟೆಂಪೋ ಕಡೆ ಹೊರಟ ಮೇಲೆ ಅವನು ಒಬ್ಬನೇ ಮೆಟ್ಟಿಲು ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತ. ಬೊಗಸೆ ತುಂಬ ನೀರು ಎತ್ತಿ, ಕೆಳಗಡೆ ನಿಮಿಷಾಂಬೆಯ ಗುಡಿಯ ದಿಕ್ಕಿಗೂ ಮೇಲುಗಡೆ ರಂಗನಾಥನ ಗೋಪುರದ ದಿಕ್ಕಿಗೂ ತಲೆಬಾಗಿಸಿ, ಬೆರಳ ಸಂದಿಯಿಂದ ಮೆಲ್ಲಗೆ ಬಿಟ್ಟ.

“ತಾಯಿ ಕಾವೇರಿ, ಇವ್ನು ಒಬ್ರಿಗೂ ಕೇಡು ಬಗೆದೋನಲ್ಲ. ಕೇಳಿದ್ದ ನಂಬ್ದ, ಅಷ್ಟೇಯ. ಕೂಗಾಟ ಇಲ್ದಿರೋ ಕಡೆ ಇವ್ನ ಕೂರ್ಸು. ಅಪ್ಪಾ ರಂಗನಾಥ, ಅಲ್ಲಿ ನಿಜಾನ ಅರ್ಧಕ್ಕೆ ನಿಲ್ಸೋರು ಇರಲ್ಲ, ಪೂರಾ ಕೇಳಿ ಇವ್ನ ಜೀವ ತಣ್ಣಗಿರ್ಲಿ. ನಾನು ಬರೋಗಂಟ ಪಕ್ಕದಲ್ಲಿ ವಸಿ ಜಾಗ ಬುಟ್ಟಿರ್ಲಿ. ಶಾಂತಿ ಕೊಡು ಸ್ವಾಮಿ, ನನ್ ಮರಿಸ್ವಾಮಿಗೆ ಶಾಂತಿ ಕೊಡು.”